ಸಾಂಗ್ಲಿಯಾನನ ಲಾಠಿ, ಸೆಂಗೇಣಿಯ ನಡಿಗೆ

ಪೊಲೀಸರ ವಿಷಯದಲ್ಲಿ ನಮ್ಮ ಕನ್ನಡ ಚಿತ್ರಗಳು ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿರುವ ಕಥೆ ಹೆಚ್ಚುಕಡಿಮೆ ಒಂದೇ. ಊರಿನಲ್ಲಿ ಕೆಟ್ಟ ಪೊಲೀಸರಿರುತ್ತಾರೆ. ಲಂಚ ತಿನ್ನುತ್ತಾರೆ, ದೊಡ್ಡವರ ಹಿಂದೆ ಮುಂದೆ ಓಡಾಡುತ್ತಾರೆ, ಬಡವರ ಮೇಲೆ ಕೈ ಮಾಡುತ್ತಾರೆ. ಆಮೇಲೆ ಒಬ್ಬ ಒಳ್ಳೆಯ ಪೊಲೀಸ್ ಅಧಿಕಾರಿ ವರ್ಗವಾಗಿ ಬರುತ್ತಾನೆ. ಅವನು ಜೀಪಿನಿಂದ ಇಳಿದ ಗಳಿಗೆಯಿಂದ ಎಲ್ಲವೂ ನೇರವಾಗತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡಬೇಕು ಎಂಬ ಹಳೆಯ ಪ್ರಶ್ನೆಗೆ ನಮ್ಮ ಸಿನಿಮಾದವರ ಉತ್ತರ ಇಷ್ಟೆ: ಇನ್ನೊಂದು ಒಳ್ಳೆಯ ಬೇಲಿ ಹಾಕಿ!

ಈ ಉತ್ತರ ನಮಗೆ ಎಷ್ಟು ಹಿತವಾಗಿತ್ತು ಎಂಬುದನ್ನು ಮರೆಯಬಾರದು. 1988ರಲ್ಲಿ ಪಿ. ನಂಜುಂಡಪ್ಪನವರ ‘ಸಾಂಗ್ಲಿಯಾನ’ ಬಂದಾಗ ನಾವು ಕಾಲೇಜು ಹುಡುಗಿಯರು. ಎಚ್.ಟಿ. ಸಾಂಗ್ಲಿಯಾನ ಎಂಬ ನಿಜವಾದ ಪೊಲೀಸ್ ಅಧಿಕಾರಿಯ ಹೆಸರನ್ನೇ ಚಿತ್ರಕ್ಕೆ ಇಟ್ಟಿದ್ದರು. ವೇಷ ಮರೆಸಿಕೊಂಡು ಜನರ ನಡುವೆ ಓಡಾಡುವ ಶಂಕರ್‌ನಾಗ್ ಅವರನ್ನು ಕಂಡು, ಇಂಥ ಒಬ್ಬ ಅಧಿಕಾರಿ ನಮ್ಮ ಜಿಲ್ಲೆಗೂ ಬರಬಾರದೆ ಎಂದುಕೊಳ್ಳದ ಹುಡುಗಿ ಇರಲಿಲ್ಲ. ಬಸ್ಸಿನಲ್ಲಿ ಮೈ ತಾಗಿಸುವವರು, ಕಾಲೇಜಿನ ಗೇಟಿನ ಬಳಿ ನಿಲ್ಲುವವರು, ಕುಡಿದು ಬಂದು ಹೆಂಡತಿಯನ್ನು ಹೊಡೆಯುವವರು, ಎಲ್ಲರಿಗೂ ಮದ್ದು ಅವನೊಬ್ಬನೇ ಎಂದು ತೋರುತ್ತಿತ್ತು. 1990ರಲ್ಲಿ ಎರಡನೆಯ ಭಾಗವೂ ಬಂತು. ಅದೇ ವರ್ಷ ಶಂಕರ್‌ನಾಗ್ ತೀರಿಕೊಂಡರು. ಆ ನಟನ ಮೇಲಿನ ಪ್ರೀತಿ ನನಗೆ ಇಂದಿಗೂ ಕಡಿಮೆಯಾಗಿಲ್ಲ.

ಆದರೆ ಪ್ರೀತಿಯನ್ನು ಪಕ್ಕಕ್ಕಿಟ್ಟು ಕೇಳಬೇಕಾದ ಮಾತು ಒಂದಿದೆ. ಆ ಚಿತ್ರಗಳಲ್ಲಿ ನಾಯಕನ ಕೈಯ ಲಾಠಿಯನ್ನು ಯಾರು ಲೆಕ್ಕ ಕೇಳುತ್ತಾರೆ? ಯಾರೂ ಇಲ್ಲ. ಅವನು ಒಳ್ಳೆಯವನು, ಆದ್ದರಿಂದ ಅವನು ಹೊಡೆದದ್ದೆಲ್ಲ ನ್ಯಾಯ. 1996ರಲ್ಲಿ ಥ್ರಿಲ್ಲರ್ ಮಂಜು ನಿರ್ದೇಶಿಸಿದ ‘ಪೊಲೀಸ್ ಸ್ಟೋರಿ’ ಬಂತು. ಸಾಯಿಕುಮಾರ್ ಅವರ ಕಂಚಿನ ಕಂಠಕ್ಕೆ ಚಿತ್ರಮಂದಿರ ನಡುಗಿತು. ಆಮೇಲೆ ಅದೇ ಅಚ್ಚಿನ ಚಿತ್ರಗಳು ಸಾಲುಸಾಲಾಗಿ ಬಂದವು. ಅವುಗಳಲ್ಲಿ ಲಾಕಪ್ಪು ಎಂದರೆ ಖಳರಿಗೆ ಬುದ್ಧಿ ಕಲಿಸುವ ಕೋಣೆ. ಒಳಗಿನಿಂದ ಕೂಗು ಕೇಳಿಸಿದರೆ ಪ್ರೇಕ್ಷಕರು ಶಿಳ್ಳೆ ಹೊಡೆಯಬೇಕು. ಆ ಕೂಗು ತಪ್ಪು ಮಾಡದವನದ್ದೂ ಆಗಿರಬಹುದು ಎಂಬ ಅನುಮಾನಕ್ಕೆ ಅಲ್ಲಿ ಜಾಗವೇ ಇಲ್ಲ. ನ್ಯಾಯಾಲಯ ಬಂದರೆ ಅದು ಸಾಕ್ಷಿ ಇಲ್ಲವೆಂದು ಖಳನನ್ನು ಬಿಟ್ಟುಬಿಡುವ ಅಡ್ಡಿ. ಕಾನೂನು ಎಂಬುದು ನಾಯಕನ ಕೈ ಕಟ್ಟುವ ಹಗ್ಗ. ಇಂಥ ಚಿತ್ರಗಳನ್ನು ನೋಡುತ್ತಾ ನೋಡುತ್ತಾ ನಾವು ಪೊಲೀಸರನ್ನು ಮೆಚ್ಚುವುದನ್ನೂ ಹೆದರುವುದನ್ನೂ ಕಲಿತೆವು. ಪ್ರಶ್ನೆ ಕೇಳುವುದನ್ನು ಮಾತ್ರ ಕಲಿಯಲಿಲ್ಲ.

ಇದಕ್ಕೆ ತಿರುಗಿ ನಿಂತ ಚಿತ್ರ ತಮಿಳಿನಿಂದ ಬರಬೇಕಾಯಿತು. ಟಿ.ಜೆ. ಜ್ಞಾನವೇಲ್ ಅವರ ‘ಜೈ ಭೀಮ್’ 2021ರ ನವೆಂಬರಿನಲ್ಲಿ ಬಿಡುಗಡೆಯಾಯಿತು. ಕನ್ನಡದ ಮಾತುಗಳೊಂದಿಗೂ ಅದನ್ನು ನೋಡಬಹುದು. ಹಾವು ಹಿಡಿಯಲು ಕರೆದ ಮನೆಯಲ್ಲಿ ಒಡವೆ ಕಳುವಾಗುತ್ತದೆ. ಇರುಳರ ರಾಜಾಕಣ್ಣುವಿನ ಮೇಲೆ ಗುಮಾನಿ. ಠಾಣೆಗೆ ಎಳೆದೊಯ್ದು ಬಡಿಯುತ್ತಾರೆ. ಆಮೇಲೆ ಅವನು ತಪ್ಪಿಸಿಕೊಂಡು ಹೋದ ಎನ್ನುತ್ತಾರೆ. ತುಂಬು ಬಸುರಿ ಹೆಂಡತಿ ಸೆಂಗೇಣಿ ಗಂಡನನ್ನು ಹುಡುಕುತ್ತಾ ಮದ್ರಾಸ್ ಹೈಕೋರ್ಟಿನವರೆಗೆ ಹೋಗುತ್ತಾಳೆ. ಸೂರ್ಯ ಮಾಡಿದ ವಕೀಲ ಚಂದ್ರು ಅವಳ ಪರವಾಗಿ ನಿಲ್ಲುತ್ತಾನೆ.

ಈ ಚಿತ್ರ ಲಾಕಪ್ಪನ್ನು ಒಳಗೆ ಬಿದ್ದವನ ಕಣ್ಣಿನಿಂದ ತೋರಿಸಿತು. ಇದೇ ಅದರ ಮೊದಲ ದೊಡ್ಡತನ. ಎರಡನೆಯದು ಸೆಂಗೇಣಿ. ಒಂದು ದೃಶ್ಯದಲ್ಲಿ, ಕರೆತಂದ ಅವಳನ್ನು ಜೀಪಿನಲ್ಲೇ ಮನೆಗೆ ಬಿಡಬೇಕಾದ ಇಕ್ಕಟ್ಟು ಪೊಲೀಸರಿಗೆ ಬರುತ್ತದೆ. ಅವಳು ಜೀಪು ಹತ್ತುವುದಿಲ್ಲ. ನಡೆದೇ ಹೊರಡುತ್ತಾಳೆ. ಜೀಪು ಅವಳ ಹಿಂದೆ ಮೆಲ್ಲಗೆ ತೆವಳುತ್ತಾ ಬರುತ್ತದೆ. ಲಿಜೋಮೋಳ್ ಜೋಸ್ ಆ ನಡಿಗೆಯಲ್ಲಿ ಅಳುವುದೂ ಇಲ್ಲ, ಕೂಗುವುದೂ ಇಲ್ಲ. ಹೆಣ್ಣೊಬ್ಬಳು ಪೊಲೀಸರಿಂದ ಉತ್ತರ ಬೇಡಬಹುದು ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಇನ್ನೊಂದು ದೃಶ್ಯ ನನ್ನ ನೆನಪಿನಲ್ಲಿಲ್ಲ.

ಆದರೂ ಚಿತ್ರ ಮುಗಿದ ಮೇಲೆ ಒಂದು ಕೊರತೆ ಉಳಿಯುತ್ತದೆ. ಸೆಂಗೇಣಿಗೆ ನ್ಯಾಯ ಸಿಗಬೇಕಾದರೆ ಒಬ್ಬ ಚಂದ್ರು ಬೇಕು, ರಾಜಧಾನಿಯ ಹೈಕೋರ್ಟು ಬೇಕು, ಪ್ರಕಾಶ್ ರೈ ಮಾಡಿದ ಐ.ಜಿ.ಯಂತೆ ಕೊನೆಗಾದರೂ ಮನಸ್ಸು ತಿರುಗುವ ಹಿರಿಯ ಅಧಿಕಾರಿ ಬೇಕು. ಈ ಕಥೆಗೆ ಆಧಾರವಾದ ನಿಜ ಪ್ರಕರಣ ನಡೆದದ್ದು 1993ರಲ್ಲಿ. ಮುಂದೆ ಹೈಕೋರ್ಟಿನ ನ್ಯಾಯಮೂರ್ತಿಯಾದ ಕೆ. ಚಂದ್ರು ಆಗ ವಕೀಲರಾಗಿದ್ದರು. ಪೊಲೀಸರ ತಪ್ಪು ಹೈಕೋರ್ಟಿನಲ್ಲಿ ಗಟ್ಟಿಯಾದದ್ದು 2006ರಲ್ಲಿ. ಹದಿಮೂರು ವರ್ಷ! ಚಿತ್ರದಲ್ಲಿ ಅದು ಎರಡೂಮುಕ್ಕಾಲು ಗಂಟೆಯಷ್ಟೆ. ಹಾಗಾಗಿ ‘ಜೈ ಭೀಮ್’ ಕೂಡ ಪೂರ್ತಿಯಾಗಿ ಹಳೆಯ ಕಥೆಯಿಂದ ಬಿಡಿಸಿಕೊಂಡಿಲ್ಲ. ಖಾಕಿ ತೊಟ್ಟ ನಾಯಕನ ಜಾಗಕ್ಕೆ ಕರಿಕೋಟಿನ ನಾಯಕ ಬಂದ. ನಾಯಕ ಬರದ ಊರುಗಳ ಗತಿ ಏನು?

ನಮ್ಮದು ಅಂಥದ್ದೇ ಊರು. ಹೊಂಗಡಹಳ್ಳದಿಂದ ಸಕಲೇಶಪುರಕ್ಕೆ ಹೋಗಿ, ಅಲ್ಲಿಂದ ಹಾಸನಕ್ಕೆ ಬಸ್ಸು ಹಿಡಿದು, ಎಸ್ಪಿ ಕಚೇರಿಯ ಮುಂದೆ ನಿಂತು, ಸಂಜೆಯೊಳಗೆ ಮನೆ ಸೇರುವುದೆಂದರೆ ಕೂಲಿಯ ಹೆಂಗಸಿಗೆ ಒಂದು ದಿನದ ದುಡಿಮೆ ಹೋಯಿತು. ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ. ಆನೆ ರಸ್ತೆಗಿಳಿದರೆ ಕೇಳುವುದೇ ಬೇಡ.

ಕೆಲವು ವರ್ಷಗಳ ಹಿಂದೆ ಮಗಳ ವರ್ಗಾವಣೆ ಪತ್ರಕ್ಕೆಂದು ಶಾಲೆಗೆ ಬಂದಿದ್ದ ಒಬ್ಬ ತಾಯಿ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. ಆಕೆ ತೋಟದ ಮನೆಯೊಂದರಲ್ಲಿ ಮುಸುರೆ ತಿಕ್ಕುತ್ತಿದ್ದಳು. ಅಲ್ಲಿ ಒಂದು ಜೊತೆ ಓಲೆ ಕಾಣೆಯಾಯಿತು. ಠಾಣೆಯಿಂದ ಕರೆ ಬಂತು. ಬೆಳಿಗ್ಗೆ ಹೋದವಳನ್ನು ದೀಪ ಹಚ್ಚುವ ಹೊತ್ತು ದಾಟುವವರೆಗೂ ಬೆಂಚಿನ ಮೇಲೆ ಕೂರಿಸಿದ್ದರು. ಕೇಳಿದ್ದನ್ನೇ ಕೇಳಿದರು, ಆಡಬಾರದ ಮಾತು ಆಡಿದರು. ಆಮೇಲೆ ಹೋಗು ಎಂದರು. ಓಲೆ ಸಿಗಲಿಲ್ಲ, ಕೇಸೂ ಆಗಲಿಲ್ಲ, ಆಕೆಯ ಕೆಲಸ ಮಾತ್ರ ಹೋಯಿತು.

“ಹೊಡೀಲಿಲ್ಲ ಟೀಚರ್, ಅದೇ ದೊಡ್ಡದು. ದೇವ್ರಿಗೆ ಕೈ ಮುಗ್ದೆ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಸಿನಿಮಾದಲ್ಲಿ ಬರ್ತಾರಲ್ಲ, ಅಂಥ ಸಾಹೇಬ್ರು ಒಬ್ರು ಬಂದಿದ್ರೆ...” ಅಂದಳು.

ಯಾರಿಗಾದರೂ ದೂರು ಕೊಡಬಹುದಿತ್ತು ಎಂಬುದು ಆಕೆಯ ತಲೆಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಆಕೆ ಆ ದಿನ ಅಲ್ಲಿ ಇದ್ದಳು ಎನ್ನುವುದಕ್ಕೆ ಒಂದು ಚೂರು ಕಾಗದ ಇಲ್ಲ. ಸಾಕ್ಷಿಯಾಗಿ ವಿಚಾರಿಸಬೇಕಾದರೆ ಹೆಣ್ಣುಮಗಳನ್ನು ಠಾಣೆಗೆ ಕರೆಯುವಂತಿಲ್ಲ, ಆಕೆ ವಾಸವಿರುವಲ್ಲಿಗೇ ಹೋಗಿ ಕೇಳಬೇಕು. ಸೂರ್ಯ ಮುಳುಗಿದ ಮೇಲೆ ಹೆಣ್ಣನ್ನು ದಸ್ತಗಿರಿ ಮಾಡುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಅಪ್ಪಣೆ ಇರಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದ್ದ ಈ ಮಾತುಗಳು 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇವೆ. ಯಾವ ಚಿತ್ರದ ಯಾವ ನಾಯಕನೂ ಇದನ್ನು ನಮಗೆ ಹೇಳಿಕೊಟ್ಟಿಲ್ಲ.

ಸಿನಿಮಾದವರ ಕಣ್ಣಿಗೆ ಬೀಳದ ಒಂದು ಕಥೆ ಇದೆ. ‘ಪೊಲೀಸ್ ಸ್ಟೋರಿ’ ಬಂದ 1996ರಲ್ಲೇ ಒಬ್ಬ ನಿಜವಾದ ಪೊಲೀಸ್ ಅಧಿಕಾರಿ ಪೊಲೀಸ್ ವ್ಯವಸ್ಥೆಯನ್ನು ಸರಿಪಡಿಸಲು ಹೊರಟರು. ಅವರು ಉತ್ತರ ಪ್ರದೇಶದ ಪೊಲೀಸ್ ಮಹಾನಿರ್ದೇಶಕರಾಗಿದ್ದ, ಗಡಿ ಭದ್ರತಾ ಪಡೆಯ ಮುಖ್ಯಸ್ಥರೂ ಆಗಿದ್ದ ಪ್ರಕಾಶ್ ಸಿಂಗ್. ಅವರು ಯಾರ ಮೇಲೂ ಕೈ ಎತ್ತಲಿಲ್ಲ. ಸುಪ್ರೀಂ ಕೋರ್ಟಿಗೆ ಒಂದು ಅರ್ಜಿ ಹಾಕಿದರು. ಹತ್ತು ವರ್ಷದ ನಂತರ, 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ಅದರಲ್ಲಿದ್ದ ನಿರ್ದೇಶನಗಳಲ್ಲಿ ಒಂದು ಪೊಲೀಸ್ ದೂರು ಪ್ರಾಧಿಕಾರದ್ದು. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ವಿಚಾರಿಸಿದರೆ ಸಾಲದು, ಹೊರಗಿನವರು ನೋಡಬೇಕು ಎಂಬುದು ಅದರ ತಿರುಳು. ಎಸ್ಪಿ ಮತ್ತು ಮೇಲಿನವರ ಮೇಲಿನ ದೂರಿಗೆ ರಾಜ್ಯಮಟ್ಟದಲ್ಲಿ ಒಂದು. ಅದಕ್ಕೆ ಹೈಕೋರ್ಟಿನ ಅಥವಾ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅಧ್ಯಕ್ಷರು. ಡಿವೈಎಸ್ಪಿ ದರ್ಜೆಯವರೆಗಿನವರ ಮೇಲಿನ ದೂರಿಗೆ ಜಿಲ್ಲೆಯಲ್ಲೇ ಒಂದು. ಅದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಠಾಣೆಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರ ಇವಲ್ಲದೆ, ಜಿಲ್ಲೆಯ ಪ್ರಾಧಿಕಾರ ಸುಲಿಗೆ, ಜಮೀನು ಮನೆ ಕಬಳಿಕೆ, ಅಧಿಕಾರದ ಗಂಭೀರ ದುರುಪಯೋಗ ಇವನ್ನೂ ವಿಚಾರಿಸಬಹುದು. ಪ್ರಾಧಿಕಾರ ಹೇಳಿದ್ದಕ್ಕೆ ಇಲಾಖೆ ಬದ್ಧವಾಗಿರಬೇಕು.

ಕರ್ನಾಟಕ ಇದಕ್ಕಾಗಿ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದದ್ದು 2012ರಲ್ಲಿ. ತೀರ್ಪು ಬಂದು ಆರು ವರ್ಷದ ಮೇಲೆ. ರಾಜ್ಯಕ್ಕೊಂದು, ಜಿಲ್ಲೆಗೊಂದು ಎಂದು ಕಾಯ್ದೆಯಲ್ಲಿ ಬರೆದಿದೆ. ಜಿಲ್ಲೆಗೊಂದು ಎಂಬ ಮಾತಿನ ಬೆಲೆ ಬೆಟ್ಟದ ಮೇಲಿನ ನಮ್ಮಂಥವರಿಗೆ ಗೊತ್ತು. ಬೆಂಗಳೂರಿಗೆ ಹೋಗಲಾರದವಳು ಹಾಸನಕ್ಕಾದರೂ ಹೋದಾಳು.

ಇಲ್ಲಿಯೂ ನನ್ನ ತಕರಾರಿದೆ. ಹೊರಗಿನವರು ನೋಡಬೇಕು ಎಂದ ಮೇಲೆ ಒಳಗಿನವರನ್ನೇ ಕೂರಿಸುವ ಚಾಳಿ ದೇಶದ ಹಲವು ಕಡೆ ಇದೆ. ಕಾಸರಗೋಡಿನ ಕನ್ನಡಿಗರಿರುವ ಕೇರಳದ 2011ರ ಕಾಯ್ದೆಯನ್ನೇ ನೋಡಿ: ಜಿಲ್ಲೆಯ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರೇನೋ ಅಧ್ಯಕ್ಷರು, ಆದರೆ ಸದಸ್ಯರಲ್ಲಿ ಜಿಲ್ಲಾಧಿಕಾರಿಯ ಜೊತೆಗೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥರೂ ಇದ್ದಾರೆ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ಲಾಕಪ್ಪು, ಒಳಬರುವ ಹೊರಹೋಗುವ ಬಾಗಿಲು ಎಲ್ಲವೂ ಕಾಣಬೇಕು, ದೃಶ್ಯಗಳನ್ನು ಹದಿನೆಂಟು ತಿಂಗಳು ಇಡಬೇಕು ಎಂದಿತು. ಬಹಳ ಒಳ್ಳೆಯ ಆದೇಶ. ಮುಸುರೆ ತಿಕ್ಕುವ ಆ ತಾಯಿ ಬೆಂಚಿನ ಮೇಲೆ ಕೂತಿದ್ದಳು ಎಂಬುದಕ್ಕೆ ಅದೇ ಸಾಕ್ಷಿಯಾಗಬಲ್ಲದು. ಆದರೆ ಅದರ ಉಸ್ತುವಾರಿಯ ಜಿಲ್ಲಾ ಸಮಿತಿಯಲ್ಲಿ ಯಾರು? ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಎಸ್ಪಿ, ಮತ್ತೆ ಜನರಿಂದ ಆರಿಸಿ ಬಂದ ಒಬ್ಬರು, ಹಳ್ಳಿಗಾಡಿನಲ್ಲಾದರೆ ಜಿಲ್ಲಾ ಪಂಚಾಯಿತಿಯ ಮುಖ್ಯಸ್ಥರು. ನಾಲ್ವರಲ್ಲಿ ಮೂವರು ಅಧಿಕಾರಿಗಳು. ಅತ್ತೆಯ ಮೇಲಿನ ದೂರನ್ನು ಅತ್ತೆಯ ಮುಂದೆಯೇ ಹೇಳು ಎಂದರೆ ಯಾವ ಸೊಸೆ ಬಾಯಿ ಬಿಟ್ಟಾಳು?

ಇದು ಪೊಲೀಸರ ಮೇಲಿನ ಅಪನಂಬಿಕೆಯೇ ಎಂದು ಕೇಳುವವರಿದ್ದಾರೆ. ಅಲ್ಲ. ನಮ್ಮ ಸರ್ಕಾರಿ ಶಾಲೆಗಳಿಗೆ 2001ರಿಂದ ಎಸ್‌ಡಿಎಂಸಿ ಇದೆ. ಮಕ್ಕಳ ಅಪ್ಪ ಅಮ್ಮಂದಿರು ಅದರಲ್ಲಿದ್ದಾರೆ. ಕೂಲಿ ಮಾಡುವ ತಾಯಿ ಬಂದು ಬಿಸಿಯೂಟದ ಸಾರಿನ ರುಚಿ ನೋಡುತ್ತಾಳೆ, ಮೇಷ್ಟ್ರು ಯಾಕೆ ಬಂದಿಲ್ಲ ಎಂದು ಕೇಳುತ್ತಾಳೆ. ಇದರಿಂದ ನಾವು ಸಣ್ಣವರಾಗಲಿಲ್ಲ. ನೆಟ್ಟಗೆ ಪಾಠ ಮಾಡುವವರಿಗೆ ಅದು ಆಸರೆಯೇ ಆಯಿತು. ಕೈಯಲ್ಲಿ ಬೆತ್ತ ಹಿಡಿಯಲೂ ಬಾರದೆಂದು ಮೇಷ್ಟರಿಗೆ ಕಾನೂನು ಮಾಡಿದವರು, ಲಾಠಿ ಹಿಡಿದವರ ಲೆಕ್ಕ ಕೇಳಲು ಹಿಂಜರಿಯಬೇಕೇಕೆ? ರಜೆ ಇಲ್ಲದೆ ಬಂದೋಬಸ್ತಿಗೆ ನಿಲ್ಲುವ, ಶೌಚಾಲಯ ಹುಡುಕಿಕೊಂಡು ಅಲೆಯುವ ಪೇದೆ ಹುಡುಗಿಯರಲ್ಲಿ ನಮ್ಮ ಶಾಲೆಯಲ್ಲಿ ಕಲಿತವರೂ ಇದ್ದಾರೆ. ಮೇಲಿನವರ ತಪ್ಪು ಅಪ್ಪಣೆಗೆ ಅವರು ಬಲಿಯಾಗದಿರಲಿಕ್ಕೂ ಹೊರಗಿನ ಕಣ್ಣು ಬೇಕು.

ಸಿನಿಮಾ ಕಲೆ, ಅದಕ್ಕೆ ಸಮಿತಿಗಳ ಕಥೆ ಒಗ್ಗುವುದಿಲ್ಲ ಎನ್ನಬಹುದು. ಆದರೆ ಸೆಂಗೇಣಿಯ ನಡಿಗೆಯಲ್ಲಿ ಹೊಡೆದಾಟ ಎಲ್ಲಿತ್ತು? ‘ಜೈ ಭೀಮ್’ ಚಿತ್ರದ ಕೊನೆಯಲ್ಲಿ ಅವಳ ಪುಟ್ಟ ಮಗಳು ವಕೀಲನ ಎದುರು ಕಾಲ ಮೇಲೆ ಕಾಲು ಹಾಕಿ ಕೂತು ಪತ್ರಿಕೆ ಬಿಡಿಸುತ್ತಾಳೆ. ನಮ್ಮ ಕನ್ನಡದ ಕಥೆಗಾರರು ಅಲ್ಲಿಂದ ಮುಂದಕ್ಕೆ ಬರೆಯಬೇಕು. ಆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ, ತನ್ನ ಅವ್ವನ ಪರವಾಗಿ ಬಿಳಿ ಹಾಳೆಯ ಮೇಲೆ ಅರ್ಜಿ ಬರೆಯಲಿ. ಯಾವ ದಿನ, ಎಷ್ಟು ಗಂಟೆಗೆ ಕರೆದರು, ಎಷ್ಟು ಗಂಟೆಗೆ ಬಿಟ್ಟರು, ಅಲ್ಲಿ ಮಹಿಳಾ ಪೊಲೀಸರಿದ್ದರೇ, ಎಲ್ಲವನ್ನೂ ಬರೆಯಲಿ. ಆ ದಿನದ ಸಿಸಿಟಿವಿ ದೃಶ್ಯವನ್ನು ಅಳಿಸದೆ ಇಡಿ ಎಂದು ಕೇಳಲಿ. ಅರ್ಜಿಯ ಒಂದು ಪ್ರತಿ ತಾನು ಇಟ್ಟುಕೊಳ್ಳಲಿ. ಕಚೇರಿಯ ಗುಮಾಸ್ತರು “ಆಯ್ತು, ನಾಳೆ ಬಾ” ಎಂದರೆ, “ಹಿಂಬರಹ ಕೊಡಿ ಸಾರ್” ಎಂದು ಅಲ್ಲೇ ನಿಲ್ಲಲಿ. ಅಂಥ ಚಿತ್ರ ಬಂದ ದಿನ ನಾನು ಶಾಲೆಯ ಹುಡುಗಿಯರನ್ನೆಲ್ಲ ಕರೆದುಕೊಂಡು ಹೋಗಿ, ಟಿಕೆಟ್ಟಿನ ದುಡ್ಡು ನಾನೇ ಕೊಡುತ್ತೇನೆ.