ಹಳೆಯ ಮಾತ್ರೆ, ಮಾತಿಲ್ಲದ ರೋಗಿ

ಮೂವತ್ತನಾಲ್ಕು ನಾಯಿಗಳು, ಎಲ್ಲವಕ್ಕೂ ಮೂತ್ರಕೋಶದ ಕ್ಯಾನ್ಸರ್. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಪಶುವೈದ್ಯೆ ಡೆಬೊರಾ ನ್ಯಾಪ್ ಮತ್ತು ಸಂಗಡಿಗರು ಅವಕ್ಕೆ ಕೊಟ್ಟದ್ದು ಪಿರಾಕ್ಸಿಕ್ಯಾಮ್. ಮನುಷ್ಯರ ಕೀಲುನೋವಿಗೆ ವೈದ್ಯರು ಬರೆದುಕೊಡುವ ಮಾತ್ರೆ ಅದು. 1994ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿದೆ: ಎರಡು ನಾಯಿಗಳಲ್ಲಿ ಗಡ್ಡೆ ಪೂರ್ತಿ ಮಾಯವಾಯಿತು, ನಾಲ್ಕರಲ್ಲಿ ಕುಗ್ಗಿತು, ಹದಿನೆಂಟರಲ್ಲಿ ಇದ್ದ ಹಾಗೇ ಉಳಿಯಿತು, ಹತ್ತರಲ್ಲಿ ಬೆಳೆಯುತ್ತಲೇ ಹೋಯಿತು.

ಬೇರೆ ರೋಗಕ್ಕೆ ತಯಾರಾದ ಔಷಧಿಯನ್ನು ಸಾಕುಪ್ರಾಣಿಗಳ ಕ್ಯಾನ್ಸರಿಗೆ ಬಳಸುವ ಪದ್ಧತಿಯ ಬಗ್ಗೆ ಯಾರಾದರೂ ಉತ್ಸಾಹದಿಂದ ಮಾತಾಡಿದಾಗ ನನಗೆ ಮೊದಲು ನೆನಪಾಗುವುದು ಈ ನಾಲ್ಕು ಅಂಕಿಗಳು. ಗೆದ್ದ ಆರು ನಾಯಿಗಳ ಪಕ್ಕದಲ್ಲೇ ಸೋತ ಹತ್ತನ್ನೂ ಬರೆದಿಟ್ಟಿದ್ದಾರೆ. ಆದರೆ ನನ್ನ ಕಣ್ಣು ನಿಲ್ಲುವುದು ನಡುವಿನ ಹದಿನೆಂಟರ ಮೇಲೆ. ವಾಸಿಯಾಗಲಿಲ್ಲ, ಉಲ್ಬಣಿಸಲೂ ಇಲ್ಲ. ಪ್ರಯೋಗಾಲಯದ ಕಣ್ಣಿಗೆ ಇದು ಅರೆಬರೆ ಫಲ. ಮೂತ್ರಕ್ಕೆಂದು ಹತ್ತು ಸಲ ಕುಕ್ಕರಿಸಿ, ನಾಲ್ಕು ಹನಿ ರಕ್ತ ಬೆರೆತ ಮೂತ್ರ ಹೊಯ್ದು, ಮತ್ತೆ ಬಾಗಿಲ ಬಳಿ ಬಂದು ನಿಲ್ಲುವ ನಾಯಿಯನ್ನು ರಾತ್ರಿಯಿಡೀ ನೋಡಿದವರಿಗೆ, ಗಡ್ಡೆ ಬೆಳೆಯದೆ ನಿಂತಿತೆಂದರೆ ಏನೆಂದು ಗೊತ್ತು. ಆ ನಾಯಿಗಳು ಬದುಕಿದ ಅವಧಿಯ ಮಧ್ಯಾಂಕ 181 ದಿನ. ಹತ್ತು ಹನ್ನೆರಡು ವರ್ಷ ಬದುಕುವ ಜೀವಕ್ಕೆ ಆರು ತಿಂಗಳು ಸಣ್ಣ ಕಾಲವಲ್ಲ.

ಪಿರಾಕ್ಸಿಕ್ಯಾಮಿನ ಈ ಗುಣ ಗೊತ್ತಾದದ್ದೂ ಹುಡುಕಿ ಹೊರಟಾಗಲ್ಲ. ಕ್ಯಾನ್ಸರ್ ಇದ್ದ ಎರಡು ನಾಯಿಗಳಿಗೆ ನೋವು ಕಡಿಮೆಯಾಗಲೆಂದು ಪಿರಾಕ್ಸಿಕ್ಯಾಮ್ ಕೊಟ್ಟಿದ್ದರು. ಬೇರೆ ಚಿಕಿತ್ಸೆ ಇರಲಿಲ್ಲ. ಗಡ್ಡೆಗಳೇ ಇಳಿದವು. ಇಲ್ಲಿಗೇ ನಿಂತಿದ್ದರೆ ಅದು ಬಾಯಿಂದ ಬಾಯಿಗೆ ಹೋಗುವ ಪವಾಡದ ಕತೆಯಾಗುತ್ತಿತ್ತು. ಎರಡು ನಾಯಿಗಳ ಅಚ್ಚರಿಯನ್ನು ಮೂವತ್ತನಾಲ್ಕು ನಾಯಿಗಳ ಎಣಿಕೆಗೆ ಒಡ್ಡಿದ್ದೇ ನ್ಯಾಪ್ ಅವರ ದೊಡ್ಡತನ. ಮುಂದೆ ಪಿರಾಕ್ಸಿಕ್ಯಾಮನ್ನು ಕ್ಯಾನ್ಸರ್ ಔಷಧಿ ಸಿಸ್‌ಪ್ಲಾಟಿನ್ ಜೊತೆ ಕೊಟ್ಟಾಗ ಗಡ್ಡೆ ಇನ್ನೂ ಚೆನ್ನಾಗಿ ಕುಗ್ಗಿತು, ಆದರೆ ಮೂತ್ರಪಿಂಡಗಳು ಪೆಟ್ಟು ತಿಂದವು. ಅದನ್ನೂ ಅವರು ಮುಚ್ಚಿಡಲಿಲ್ಲ.

ಎಣಿಕೆಯ ಬೆಲೆ ಇನ್ನೂ ಸ್ಪಷ್ಟವಾಗಿ ಕಾಣುವುದು ಸಿರೋಲಿಮಸ್ ವಿಷಯದಲ್ಲಿ. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ, ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧಿ ಇದು. ಮೂಳೆ ಕ್ಯಾನ್ಸರಿಗೂ ಆಗಬಹುದೆಂದು ಇಲಿಗಳ ಮೇಲಿನ ಕೆಲಸ ಆಸೆ ಹುಟ್ಟಿಸಿತ್ತು. ದೊಡ್ಡ ಜಾತಿಯ ನಾಯಿಗಳಿಗೆ ಕಾಲಿನ ಮೂಳೆ ಕ್ಯಾನ್ಸರ್ ಬಂದರೆ ಕಾಲು ತೆಗೆದರೂ ರೋಗ ಹೆಚ್ಚಾಗಿ ಶ್ವಾಸಕೋಶಕ್ಕೆ ಹಬ್ಬುತ್ತದೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಬರುವ ಇದೇ ರೋಗವನ್ನು ಇದು ಬಹಳ ಹೋಲುವುದರಿಂದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೇ ಮುಂದೆ ಬಂತು. ಒಟ್ಟು 324 ನಾಯಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ ಮತ್ತು ಕ್ಯಾನ್ಸರ್ ಔಷಧಿ ಕಾರ್ಬೋಪ್ಲಾಟಿನ್, ಇನ್ನೊಂದಕ್ಕೆ ಅವೆರಡರ ಜೊತೆ ಸಿರೋಲಿಮಸ್ ಕೊಟ್ಟರು. 2021ರಲ್ಲಿ ಉತ್ತರ ಬಂತು: ವ್ಯತ್ಯಾಸವೇ ಇಲ್ಲ. ಈ ಸೋಲಿನ ವರದಿ ನನಗೆ ಅನೇಕ ಗೆಲುವಿನ ಸುದ್ದಿಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಮೂರು ಕಾಲಿನ ಮೇಲೆ ನಡೆಯುವುದನ್ನು ಕಲಿಯುತ್ತಿರುವ ಎಷ್ಟೋ ನಾಯಿಗಳಿಗೆ, ಫಲವಿಲ್ಲದ ಇನ್ನೊಂದು ಮಾತ್ರೆ ನುಂಗುವ ಕಷ್ಟ ಅದರಿಂದ ತಪ್ಪಿತು.

ಈ ಅಳತೆಗೋಲು ಹಿಡಿದು ಲೊಸಾರ್ಟನ್ ನೋಡೋಣ. ನಮ್ಮ ಎಷ್ಟೋ ಮನೆಗಳಲ್ಲಿರುವ ಬಿಪಿ ಮಾತ್ರೆ. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದವರು ಮೂಳೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿದ್ದ 28 ನಾಯಿಗಳಿಗೆ ಇದನ್ನು ಟೊಸೆರಾನಿಬ್ ಎಂಬ ಇನ್ನೊಂದು ಔಷಧಿಯ ಜೊತೆ ಕೊಟ್ಟರು. ಗಡ್ಡೆ ತನ್ನ ನೆರವಿಗೆ ಕರೆಸಿಕೊಳ್ಳುವ ಒಂದು ಬಗೆಯ ಬಿಳಿರಕ್ತಕಣಗಳನ್ನು ಲೊಸಾರ್ಟನ್ ತಡೆಯುತ್ತದೆ ಎಂಬುದು ತರ್ಕ. ಅರ್ಧದಷ್ಟು ನಾಯಿಗಳಿಗೆ ಪ್ರಯೋಜನವಾಯಿತು. ಆ ಹಂತ ತಲುಪಿದ ರೋಗದಲ್ಲಿ ಇದು ಸಣ್ಣ ಮಾತಲ್ಲ. ಓದಿದಾಗ ನನಗೂ ಖುಷಿಯಾಯಿತು. ಆದರೆ ಹೋಲಿಸಿ ನೋಡಲು ಎರಡನೆಯ ಗುಂಪು ಇರಲಿಲ್ಲ. ಟೊಸೆರಾನಿಬ್ ನಾಯಿಗಳ ಕ್ಯಾನ್ಸರಿಗೆಂದೇ 2009ರಲ್ಲಿ ಒಪ್ಪಿಗೆ ಪಡೆದ ಔಷಧಿ. ಫಲದಲ್ಲಿ ಅದರ ಪಾಲೆಷ್ಟು, ಲೊಸಾರ್ಟನ್ನಿನ ಪಾಲೆಷ್ಟು ಎಂದು ಈ ಪ್ರಯೋಗ ಬಿಡಿಸಿ ಹೇಳಲಾರದು. ಇದನ್ನು ಭರವಸೆ ಎನ್ನುತ್ತೇನೆ, ಚಿಕಿತ್ಸೆ ಎನ್ನಲು ಇನ್ನೂ ಮನಸ್ಸು ಒಪ್ಪುತ್ತಿಲ್ಲ.

ಅಲ್ಲಿ ಬಳಸಿದ ಪ್ರಮಾಣವನ್ನೂ ಗಮನಿಸಬೇಕು. ರಕ್ತದೊತ್ತಡಕ್ಕೆ ಕೊಡುವುದರ ಸುಮಾರು ಹತ್ತು ಪಟ್ಟು. ಹಳೆಯ ಔಷಧಿಗಳ ಪರ ವಾದಿಸುವವರು ಮೊದಲು ಹೇಳುವುದೇ ‘ಇವು ಸುರಕ್ಷಿತವೆಂದು ಈಗಾಗಲೇ ಗೊತ್ತಿದೆ’ ಎಂದು. ಯಾರಿಗೆ, ಎಷ್ಟು ಪ್ರಮಾಣದಲ್ಲಿ ಸುರಕ್ಷಿತ? ನಾವು ನೀರು ಕುಡಿದಷ್ಟು ಸಲೀಸಾಗಿ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಸಾಕು. ನಾಯಿ ತಡೆದುಕೊಳ್ಳುವ ಸಿಸ್‌ಪ್ಲಾಟಿನ್ ಬೆಕ್ಕಿನ ಶ್ವಾಸಕೋಶದಲ್ಲಿ ನೀರು ತುಂಬಿಸಿ ಕೊಲ್ಲುತ್ತದೆ. ಕೋಲಿ ಜಾತಿಯ ಅನೇಕ ನಾಯಿಗಳಲ್ಲಿ ಒಂದು ಜೀನ್ ಕೆಟ್ಟಿರುತ್ತದೆ. ಬೇರೆ ನಾಯಿಗಳಿಗೆ ಸರಿಹೋಗುವಷ್ಟು ಕ್ಯಾನ್ಸರ್ ಔಷಧಿ ವಿನ್‌ಕ್ರಿಸ್ಟಿನ್ ಅವಕ್ಕೆ ಅತಿಯಾಗುತ್ತದೆ. ಪಿರಾಕ್ಸಿಕ್ಯಾಮ್ ಕೂಡ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲದು. ಹೊಟ್ಟೆ ಉರಿಯುತ್ತಿದೆ ಎಂದು ನಾಯಿ ಹೇಳುವುದಿಲ್ಲ, ಊಟ ಬಿಟ್ಟು ಮೂಲೆ ಸೇರುತ್ತದೆ. ಅದಕ್ಕೇ, ಮನೆಯ ಔಷಧಿ ಡಬ್ಬಿಯಿಂದ ಮಾತ್ರೆ ಮುರಿದು ಪ್ರಾಣಿಗೆ ಕೊಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ನಾಯಿಯ ಔಷಧಿ ಮನುಷ್ಯರತ್ತ ಹರಿದದ್ದೂ ಉಂಟು. ನಾಯಿಗಳ ಜಂತುಹುಳು ಔಷಧಿ ಫೆನ್‌ಬೆಂಡಜೋಲ್‌ಗೆ 2019ರಲ್ಲಿ ದಕ್ಷಿಣ ಕೊರಿಯಾದ ಕ್ಯಾನ್ಸರ್ ರೋಗಿಗಳು ಮುಗಿಬಿದ್ದರು. ಎಣಿಕೆಗೆ ಮುಂಚೆಯೇ ‘ಇದರಿಂದ ಗುಣವಾಯಿತು’ ಎಂಬ ಕತೆ ಓಡಿದ ಪರಿಣಾಮ ಅದು.

ಹಾಗಾದರೆ ಹಳೆಯ ಔಷಧಿಗಳನ್ನು ಸಾಕಷ್ಟು ನಾಯಿಗಳ ಮೇಲೆ ಯಾಕೆ ಪರೀಕ್ಷಿಸುವುದಿಲ್ಲ? ಪೇಟೆಂಟ್ ಮುಗಿದ, ಅಗ್ಗದ ಮಾತ್ರೆಗೆ ಹಣ ಹೂಡಿದರೆ ಕಂಪನಿಗೆ ಮರಳುವುದೇನಿಲ್ಲ. ಸಿರೋಲಿಮಸ್ ಪ್ರಯೋಗಕ್ಕೆ ಸರ್ಕಾರಿ ಸಂಸ್ಥೆ ನಿಂತದ್ದು ಮಕ್ಕಳಿಗೂ ಉಪಯೋಗವಾದೀತೆಂದು. ಮನುಷ್ಯರಿಗೆ ಅಂಥ ಲಾಭವಿಲ್ಲದ ಪ್ರಾಣಿರೋಗಗಳ ಸರದಿ ಬರುವುದು ತಡ.

ಹಾಗಿದ್ದೂ ಹಳೆಯ ಔಷಧಿ ಪ್ರಾಣಿಗಳಿಗೆ ಫಲ ಕೊಟ್ಟ ಒಂದು ಉದಾಹರಣೆ ನಮ್ಮ ಬೀದಿಗಳಲ್ಲೇ ಇದೆ. ನಾಯಿಯಿಂದ ನಾಯಿಗೆ, ಕೂಡುವಾಗ ಕ್ಯಾನ್ಸರಿನ ಜೀವಕೋಶಗಳೇ ದಾಟಿ ಹಬ್ಬುವ ಜನನಾಂಗದ ಗಡ್ಡೆ ಭಾರತದ ಬೀದಿನಾಯಿಗಳಲ್ಲಿ ಸಾಮಾನ್ಯ. ಅದಕ್ಕೆ ಕೊಡುವುದು ಮನುಷ್ಯರ ರಕ್ತಕ್ಯಾನ್ಸರಿಗೆಂದು ಬಂದ ವಿನ್‌ಕ್ರಿಸ್ಟಿನ್, ನಮ್ಮ ಅಂಗಳಗಳಲ್ಲಿ ಅರಳುವ ನಿತ್ಯಪುಷ್ಪದಿಂದ ತೆಗೆದದ್ದು. ಕಟ್ಟುನಿಟ್ಟಾಗಿ ನೋಡಿದರೆ ಈ ಔಷಧಿ ಬಂದದ್ದೇ ಕ್ಯಾನ್ಸರಿಗೆ, ಇಲ್ಲಿ ಕ್ಯಾನ್ಸರಿನ ಬಗೆ ಮತ್ತು ರೋಗಿ ಮಾತ್ರ ಬೇರೆ. ಆದರೂ ಈ ಪದ್ಧತಿಯ ಅತ್ಯುತ್ತಮ ಫಲ ಇದೇ ಎಂದು ನನ್ನ ಅಭಿಪ್ರಾಯ: ಹೆಚ್ಚಿನ ನಾಯಿಗಳು ಪೂರ್ತಿ ಗುಣವಾಗುತ್ತವೆ. ವಾರಕ್ಕೊಂದರಂತೆ ನಾಲ್ಕಾರು ಚುಚ್ಚುಮದ್ದು, ರಕ್ತನಾಳದೊಳಕ್ಕೇ ಹೋಗಬೇಕು. ಹೊರಗೆ ಸೋರಿದರೆ ಚರ್ಮ ಕೊಳೆಯುತ್ತದೆ. ಮೊದಲ ವಾರವೇ ಗಡ್ಡೆಯಿಂದ ಸುರಿಯುವ ರಕ್ತ ನಿಂತು ನಾಯಿ ಲವಲವಿಕೆಯಾಗುತ್ತದೆ, ಯಾರ ಕೈಗೂ ಸಿಗದೆ ಓಡುತ್ತದೆ. ಎರಡನೆಯ ವಾರ, ಮೂರನೆಯ ವಾರ ಅದೇ ನಾಯಿಯನ್ನು ಬಿಸ್ಕತ್ತು ತೋರಿಸಿ ಕರೆದು, ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ತರುವ ಒಬ್ಬರು ಆ ಬೀದಿಯಲ್ಲಿರಬೇಕು.