ಸ್ಟೀರಾಯ್ಡ್ ಚಿಕಿತ್ಸೆ ಮತ್ತು ಖಾಲಿ ಹೊಟ್ಟೆಯ ಪರೀಕ್ಷೆ

ಉಬ್ಬಸ, ಕೀಲುನೋವು, ಚರ್ಮದ ಅಲರ್ಜಿಗಳಿಗೆ ಬಳಕೆಯಾಗುವ ಪ್ರೆಡ್ನಿಸೊಲೋನ್ ಮಾತ್ರೆಯು ಸ್ಟೀರಾಯ್ಡ್ ಗುಂಪಿಗೆ, ಅಂದರೆ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಕಾರ್ಟಿಸಾಲ್ ಹಾರ್ಮೋನನ್ನು ಹೋಲುವ ಔಷಧಗಳ ಗುಂಪಿಗೆ ಸೇರಿದ್ದು, ಯಕೃತ್ತು ಹೆಚ್ಚು ಗ್ಲೂಕೋಸ್ ತಯಾರಿಸುವಂತೆ ಮಾಡಿ, ಸ್ನಾಯುಗಳ ಮೇಲೆ ಇನ್ಸುಲಿನ್ ಬೀರುವ ಪ್ರಭಾವವನ್ನು ಕುಗ್ಗಿಸಿ, ರಕ್ತದ ಸಕ್ಕರೆಯನ್ನು ಏರಿಸುತ್ತದೆ. ವೈದ್ಯಲೋಕಕ್ಕೆ ಇದು ಹೊಸ ಸಂಗತಿಯೇನಲ್ಲ. ಆದರೂ ಮಧುಮೇಹಿಗಳಿಗೆ ಈ ಮಾತ್ರೆ ಕೊಟ್ಟ ಮೇಲೆ ಖಾಲಿ ಹೊಟ್ಟೆಯ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳುವ ರೂಢಿಯಲ್ಲಿ ಗಂಭೀರವಾದ ಲೋಪವಿದೆ. ಬೆಳಿಗ್ಗೆ ತಿಂಡಿಯಾದ ಮೇಲೆ ನುಂಗಿದ ಮಾತ್ರೆಯ ಪ್ರಭಾವ ಮಧ್ಯಾಹ್ನದಿಂದ ರಾತ್ರಿಯವರೆಗೆ ಪ್ರಬಲವಾಗಿದ್ದು ಮರುದಿನ ನಸುಕಿನ ಹೊತ್ತಿಗೆ ಬಹುಮಟ್ಟಿಗೆ ಇಳಿದಿರುವುದರಿಂದ, ಮುಂಜಾನೆ 110 ಮಿಲಿಗ್ರಾಂ ತೋರಿದ ರಕ್ತದಲ್ಲಿ ಸಂಜೆ 300 ಮೀರಿದ ಸಕ್ಕರೆ ಇರಬಹುದು. ಸುಮಾರು ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯೂ ಒಂದು ವಾರದ ಚಿಕಿತ್ಸೆಯ ಏರಿಕೆಯನ್ನು ಸರಿಯಾಗಿ ಹಿಡಿಯಲಾರದು. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ಅಥವಾ ರಾತ್ರಿಯೂಟಕ್ಕೆ ಮುಂಚೆ ಬೆರಳು ಚುಚ್ಚಿ ನೋಡುವುದೇ ಇಲ್ಲಿ ಬೇಕಾದದ್ದು. ಅಷ್ಟನ್ನು ಚೀಟಿಯಲ್ಲಿ ಬರೆಯಲು ಒಂದು ಸಾಲು ಸಾಕಾಗಿದ್ದರೂ ಆ ಸಾಲು ಎಷ್ಟೋ ಚೀಟಿಗಳಲ್ಲಿ ಇರುವುದಿಲ್ಲ. ಮಂಡಿನೋವಿಗೆ ಕೀಲಿನೊಳಕ್ಕೆ ಚುಚ್ಚುವ ಸ್ಟೀರಾಯ್ಡ್ ಕೂಡ ಕೆಲವು ದಿನ ಸಕ್ಕರೆಯನ್ನು ಏರಿಸುವುದುಂಟು.

ಇಂಥ ಅಲಕ್ಷ್ಯದ ಬೆಲೆ ಎಷ್ಟೆಂಬುದನ್ನು ಕೋವಿಡ್ ಕಾಲ ತೋರಿಸಿತು. 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನವು ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು ಗರಿಷ್ಠ 10 ದಿನ ಕೊಡುವುದರಿಂದ ಆಮ್ಲಜನಕ ಬೇಕಾದ ರೋಗಿಗಳಲ್ಲಿ ಸಾವು ತಗ್ಗುತ್ತದೆಂದೂ, ಅದು ಬೇಡದವರಿಗೆ ಪ್ರಯೋಜನವಿಲ್ಲವೆಂದೂ ಸ್ಪಷ್ಟಪಡಿಸಿತ್ತು. ಭಾರತದ ಎರಡನೆಯ ಅಲೆಯಲ್ಲಿ ಈ ಎಲ್ಲೆಯನ್ನು ಮರೆತು, ಮನೆಯಲ್ಲೇ ಇದ್ದವರೂ ಸಕ್ಕರೆ ನೋಡಿಸಿಕೊಳ್ಳದೆ ಈ ಔಷಧವನ್ನು ತೆಗೆದುಕೊಂಡರು. ಹತೋಟಿ ತಪ್ಪಿದ ಮಧುಮೇಹವೂ ಸ್ಟೀರಾಯ್ಡ್ ಬಳಕೆಯೂ ಕೂಡಿದ ದೇಹಗಳಲ್ಲಿ ಕಪ್ಪು ಶಿಲೀಂಧ್ರವೆಂದು ಜನ ಕರೆದ ಮ್ಯೂಕೋರ್‌ಮೈಕೋಸಿಸ್ ಬೇರೂರಿ, ಎಷ್ಟೋ ಮಂದಿ ಕಣ್ಣನ್ನೂ ಜೀವವನ್ನೂ ಕಳೆದುಕೊಂಡದ್ದು ಅತ್ಯಂತ ನೋವಿನ ಸಂಗತಿ.

ಹಾಗೆಂದು ಸ್ಟೀರಾಯ್ಡನ್ನೇ ದೂರುವುದು ನ್ಯಾಯವಲ್ಲ. ತೀವ್ರ ಉಬ್ಬಸದಲ್ಲಿ ಅದು ಪ್ರಾಣ ಉಳಿಸುತ್ತದೆ, ಮತ್ತು ಬಹುಕಾಲ ಸೇವಿಸಿದವರು ಸಕ್ಕರೆಗೆ ಹೆದರಿ ಅದನ್ನು ಥಟ್ಟನೆ ನಿಲ್ಲಿಸಿದರೆ, ಅಷ್ಟರಲ್ಲಿ ಕುಂದಿರುವ ಅಡ್ರಿನಲ್ ಗ್ರಂಥಿಗಳು ಚೇತರಿಸಿಕೊಳ್ಳುವ ಮೊದಲೇ ಪ್ರಾಣಾಪಾಯ ಒದಗಬಹುದು. ಅಪಾಯಕ್ಕೆ ಇನ್ನೊಂದು ತುದಿಯೂ ಇದೆ, ಅದರ ಬಗ್ಗೆ ಮಾತು ಇನ್ನೂ ಕಡಿಮೆ. ಸ್ಟೀರಾಯ್ಡಿನ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತ ಬಂದಾಗ, ಅದಕ್ಕೆಂದೇ ಹೆಚ್ಚಿಸಿದ್ದ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯ ಪ್ರಮಾಣವನ್ನೂ ವೈದ್ಯರು ಜೊತೆಜೊತೆಗೆ ಇಳಿಸದಿದ್ದರೆ, ಸಕ್ಕರೆ ಅಪಾಯಕಾರಿಯಾಗಿ ಕುಸಿಯುತ್ತದೆ.