ಸಂಬಂಧಾತ್ಮಕ ದತ್ತಸಂಚಯದ ಆಯ್ಕೆ ಮತ್ತು ಕರಾವಳಿಯ ಪಹಣಿ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಪಹಣಿಗಳಲ್ಲಿ ಒಂದೇ ಸರ್ವೆ ನಂಬರಿಗೆ ಹಲವು ಹಕ್ಕುದಾರರಿರುವುದೂ ಒಬ್ಬನೇ ಹಕ್ಕುದಾರನ ಹೆಸರು ಹಲವು ಸರ್ವೆ ನಂಬರುಗಳಲ್ಲಿ ಕಾಣುವುದೂ ಉಂಟು. ಇಂಥ ದಾಖಲೆಗೆ ತಕ್ಕ ದತ್ತಸಂಚಯವನ್ನು ವೇಗ ಮತ್ತು ಬೆಲೆಗಳಿಂದಷ್ಟೇ ನಿರ್ಣಯಿಸಲಾಗದು.

1970ರಲ್ಲಿ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಮಂಡಿಸಿದ ಸಂಬಂಧಾತ್ಮಕ ಮಾದರಿಯಲ್ಲಿ ಕೋಷ್ಟಕಗಳನ್ನು ಬೆಸೆಯುವುದು ಅವುಗಳಲ್ಲಿರುವ ಸಮಾನ ಮೌಲ್ಯಗಳು. ಈ ದೃಷ್ಟಿಯಿಂದ ಪಹಣಿಗೆ ಕನಿಷ್ಠ ಮೂರು ಕೋಷ್ಟಕಗಳು ಬೇಕು: ಹಕ್ಕುದಾರ, ಜಮೀನು, ಇವೆರಡನ್ನೂ ಕೂಡಿಸುವ ಹಿಸ್ಸೆ.

1980ರ ದಶಕದ ಆರಂಭದಲ್ಲಿ ಸಿಪಿ/ಎಂ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಜನಪ್ರಿಯವಾದ ಡಿಬೇಸ್ 2 ಸಂಬಂಧಾತ್ಮಕವೆಂದೇ ಪ್ರಚಾರ ಪಡೆಯಿತು. ಆದರೆ ಅದು ಏಕಕಾಲಕ್ಕೆ ತೆರೆಯಬಲ್ಲದ್ದು ಎರಡೇ ಕಡತ. ಒಂದು ದಾಖಲೆಗೆ 32 ಅಂಕಣಗಳ ಮಿತಿ. 64 ಕೆಬಿ ಸ್ಮೃತಿಯ ಯಂತ್ರದಲ್ಲಿ ಇದು ಸಾಧನೆಯೇ ಸರಿ. ಆದರೂ ಮೂರನೆಯದನ್ನು ತೆರೆಯಲು ಒಂದನ್ನು ಮುಚ್ಚಬೇಕಾದಾಗ, ಹೆಸರನ್ನು ಪ್ರತಿ ಹಿಸ್ಸೆಯಲ್ಲೂ ಪುನಃ ಬರೆದುಬಿಡುವುದು ಸುಲಭವೆನಿಸುತ್ತದೆ. ಪೌತಿ ಖಾತೆಯ ಬದಲಾವಣೆಯಲ್ಲಿ ಒಂದೆಡೆ ತಿದ್ದಿ ಇನ್ನೊಂದೆಡೆ ಮರೆತರೆ, ತೀರಿಕೊಂಡವನು ದಾಖಲೆಯಲ್ಲಿ ಬದುಕಿಯೇ ಇರುತ್ತಾನೆ, ವಾರಸುದಾರನ ಹಕ್ಕು ತೂಗಾಡುತ್ತದೆ. ಇದನ್ನು ತಡೆಯುವ ಹೊಣೆಯನ್ನು ವ್ಯವಸ್ಥೆ ಹೊರದೆ ಕ್ರಮವಿಧಿ ಬರೆದವನಿಗೆ ಬಿಟ್ಟಿತ್ತು. ಸಂಬಂಧಾತ್ಮಕವೆಂಬ ಪದದ ಸಡಿಲ ಬಳಕೆಗೆ ಕಾಡ್ 1985ರಲ್ಲಿ ನಿಯಮಗಳನ್ನು ಪ್ರಕಟಿಸಿ ಉತ್ತರಿಸಿದರು.

ಕರ್ನಾಟಕ ಸರ್ಕಾರ 2001ರ ಹೊತ್ತಿಗೆ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಆ ಪ್ರಮಾಣವನ್ನು ನೆನೆದರೆ ಡಿಬೇಸ್ 2ರ ಸ್ಥಾನ ಸ್ಪಷ್ಟವಾಗುತ್ತದೆ. ಅಂಗಡಿಯ ಲೆಕ್ಕಕ್ಕೆ ಅದು ಉತ್ತಮ ಆಯ್ಕೆ. ಹಕ್ಕಿನ ದಾಖಲೆಗೆ ಅಲ್ಲ.